ಅಡುಗೆ ಮನೆಯ ಹೊಗೆ ಎಲ್ಲಿಗೆ ಹೋಗುತ್ತದೆ?



ಹೋಟೆಲ್ ನಡೆಸುವ ನಮಗೆ ಅಕ್ಕಿ, ಉದ್ದು, ಎಣ್ಣೆಯ ದರ ಬಾಯಿಪಾಠ. ಒಂದು ಸಿಲಿಂಡರ್ ಎಷ್ಟು ದೋಸೆಗೆ ಬರುತ್ತದೆ ಎಂಬುದೂ ಗೊತ್ತು. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕಿಚನ್‌ನಿಂದ ಹೊರಬೀಳುವ ಹೊಗೆಯ ಲೆಕ್ಕ ಇಡುವವರು ನಮ್ಮಲ್ಲಿ ಬಹಳ ಕಡಿಮೆ. ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಹೊಗೆ ಹೋಯಿತು ಎಂದೇ ನಮ್ಮ ಭಾವನೆ. ನಿಜವಾಗಿ ಹೊಗೆ ಜಾಗ ಬದಲಿಸಿರುತ್ತದೆ ಅಷ್ಟೆ. ಅದು ಯಾವ ಜಾಗಕ್ಕೆ ಹೋಗುತ್ತದೆ, ಯಾಕೆ ಅಲ್ಲಿಗೇ ಹೋಗುತ್ತದೆ, ಅದನ್ನು ಎಲ್ಲಿ ಹಿಡಿದರೆ ಖರ್ಚು ಕಡಿಮೆ ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಆ ಪಾಠವನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನನ್ನ ಅನುಭವ

ಮುಂಬಯಿಯ ಉಪನಗರದಲ್ಲಿ ನಾಲ್ಕು ಮಾಳಿಗೆಯ ಕಟ್ಟಡದ ನೆಲ ಅಂತಸ್ತಿನಲ್ಲಿ ನನ್ನ ಹೋಟೆಲ್. ಕಿಚನ್‌ನ ಚಿಮಣಿ ಹಿಂಬದಿಯ ಗೋಡೆಗೆ ತಾಗಿ ಮೇಲೆ ಹೋಗಿ, ಎರಡನೇ ಮಾಳಿಗೆಯ ಮಟ್ಟದಲ್ಲಿ ನಿಂತಿತ್ತು. ಮಳೆ ಒಳಗೆ ಬಾರದಿರಲೆಂದು ತುದಿಗೆ ತಗಡಿನ ಟೋಪಿ. ಮೂರನೇ ಮಾಳಿಗೆಯವರು ಒಣ ಹಾಕಿದ ಬಟ್ಟೆಗೆ ಎಣ್ಣೆ ವಾಸನೆ ಹಿಡಿಯುತ್ತದೆ, ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ ಎಂದು ದೂರು ಹೇಳಿದರು. ನಾನು ದೊಡ್ಡ ಮೋಟಾರು ಹಾಕಿಸಿದೆ. ಕಿಚನ್ ತಿಳಿಯಾಯಿತು. ಕೆಲಸ ಮುಗಿಯಿತು ಎಂದು ಸುಮ್ಮನಾದೆ. ಒಂದು ತಿಂಗಳಲ್ಲಿ ಕರೆಂಟ್ ಬಿಲ್ಲು ಏರಿತು. ದೂರಿನ ಅರ್ಜಿಗೆ ನಾಲ್ಕನೇ ಮಾಳಿಗೆಯವರ ಸಹಿಯೂ ಸೇರಿತು!

ಆಗ ನೋಡಲು ಬಂದವರು ಡಕ್ಟ್ ಕೆಲಸದಲ್ಲೇ ಆಯುಷ್ಯ ಕಳೆದ ನಮ್ಮೂರಿನ ಹಿರಿಯರೊಬ್ಬರು. ಅವರು ಯಾವ ಯಂತ್ರವನ್ನೂ ತರಲಿಲ್ಲ. ಗಲ್ಲಾದ ದೇವರ ಫೋಟೋದ ಮುಂದಿದ್ದ ಊದುಬತ್ತಿಯನ್ನು ತೆಗೆದು ಕಿಚನ್ ಬಾಗಿಲಲ್ಲಿ ಹಿಡಿದರು, ಕಾವಲಿಯ ಅಂಚಿನಲ್ಲಿ ಹಿಡಿದರು. ಆಮೇಲೆ ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಕೆಳಗೆ ಬಗ್ಗಿ ಚಿಮಣಿಯ ತುದಿ ತೋರಿಸಿದರು. "ಶೆಟ್ರೇ, ನೀವು ಹೊಗೆಯನ್ನು ಓಡಿಸಿದ್ದೀರಿ, ದಾರಿ ತೋರಿಸಿಲ್ಲ" ಎಂದರು. ಮುಂದಿನ ವಿಷಯಗಳಲ್ಲಿ ಬಹುಪಾಲು ಅವರಿಂದ ಕೇಳಿ, ಮತ್ತೆ ಓದಿ ತಿಳಿದುಕೊಂಡವು.

1. ಹೊಗೆಯಲ್ಲಿ ಏನೇನಿದೆ?

ನಗರದ ಗಾಳಿ ಕೆಡಲು ವಾಹನ, ರಸ್ತೆಯ ಧೂಳು, ಕಟ್ಟಡ ಕಾಮಗಾರಿ, ಕಾರ್ಖಾನೆ, ಕಸ ಸುಡುವಿಕೆ ಇವೆಲ್ಲ ಕಾರಣ. ನಮ್ಮ ಪಾಲು ಇವುಗಳಲ್ಲಿ ಒಂದು. ಆದರೆ ನಮ್ಮ ಹೊಗೆ ಹೊರಬೀಳುವುದು ಜನರ ಕಿಟಕಿಯ ಪಕ್ಕದಲ್ಲಿ ಎಂಬುದನ್ನು ಮರೆಯಬಾರದು.

ಹೋಟೆಲ್ ಕಿಚನ್‌ನ ಹೊಗೆ ಎರಡು ಕಡೆಯಿಂದ ಹುಟ್ಟುತ್ತದೆ. ಮೊದಲನೆಯದು ಇಂಧನ. ಸೌದೆ ಮತ್ತು ಇದ್ದಲು ಉರಿದಾಗ ಮಸಿ, ಬೂದಿ, ಸೂಕ್ಷ್ಮ ಕಣ, ಕಾರ್ಬನ್ ಮಾನಾಕ್ಸೈಡ್ ಬರುತ್ತವೆ. ಕಲ್ಲಿದ್ದಲಾದರೆ ಅದರಲ್ಲಿರುವ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಕೂಡ ಸೇರುತ್ತದೆ. ಗ್ಯಾಸ್ ಇವೆಲ್ಲಕ್ಕಿಂತ ಶುದ್ಧ. ಆದರೂ ಬರ್ನರ್ ಕಟ್ಟಿಕೊಂಡು ಜ್ವಾಲೆ ಹಳದಿಯಾದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಪಾತ್ರೆಯ ತಳ ಕಪ್ಪಾಗುವುದು ಅದರ ಗುರುತು. ಹಣವೂ ಹೋಗುತ್ತದೆ, ಗಾಳಿಯೂ ಕೆಡುತ್ತದೆ.

ಎರಡನೆಯದು ಅಡುಗೆ. ಕಾದ ಕಾವಲಿಗೆ ಎಣ್ಣೆ ಸವರಿದಾಗ, ಬಾಣಲೆಯಲ್ಲಿ ವಡೆ ಕರಿದಾಗ, ತಂದೂರಿನಲ್ಲಿ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಎಣ್ಣೆಯ ಆವಿ ಏಳುತ್ತದೆ. ಅದು ಮೇಲೆ ತಣ್ಣಗಾಗಿ ಅತಿ ಸಣ್ಣ ಹನಿಗಳಾಗುತ್ತದೆ. ಎಣ್ಣೆ ಅತಿಯಾಗಿ ಕಾದರೆ ಕಣ್ಣು, ಗಂಟಲು ಉರಿಸುವ ಅನಿಲಗಳೂ ಹುಟ್ಟುತ್ತವೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಬೇಗ ಹೊಗೆಯಾಡುತ್ತದೆ ಎಂಬುದು ನಮ್ಮ ಭಟ್ಟರಿಗೆಲ್ಲ ತಿಳಿದ ವಿಷಯವೇ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸಬಾರದು ಎಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಪಾಲಿಸಿದರೆ ಗ್ರಾಹಕರ ಹೊಟ್ಟೆಯೂ ಕ್ಷೇಮ, ಚಿಮಣಿಯೂ ಕ್ಷೇಮ.

ಇವುಗಳಲ್ಲಿ ಹೆಚ್ಚು ಅಪಾಯದ್ದು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು ಎನ್ನಬಹುದು. ಮೂಗು, ಗಂಟಲು ಇವುಗಳನ್ನು ತಡೆಯಲಾರವು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನಮ್ಮ ದೇಶದಲ್ಲಿ 2009ರಲ್ಲಿ ನಿಗದಿಯಾದ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಇನ್ನೂ ಕಠಿಣ, ಕೇವಲ 15. ಇದು ಬೀದಿಯ ಗಾಳಿಯ ಲೆಕ್ಕ. ಕಾವಲಿಯ ಮುಂದೆ ದಿನವಿಡೀ ನಿಲ್ಲುವವನ ಪಾಡನ್ನು ನೀವೇ ಯೋಚಿಸಿ.

2. ಗಾಳಿ ಹೊಗೆಯನ್ನು ಹೇಗೆ ಹರಡುತ್ತದೆ?

ಒಂದು ಲೋಟ ನೀರಿಗೆ ಒಂದು ಚಮಚ ಡಿಕಾಕ್ಷನ್ ಹಾಕಿದರೆ ಬಣ್ಣ ಗಾಢ. ಒಂದು ಹಂಡೆಗೆ ಹಾಕಿದರೆ ಕಾಣುವುದೇ ಇಲ್ಲ. ಡಿಕಾಕ್ಷನ್ ಅಷ್ಟೇ, ಬೆರೆಯುವ ನೀರಿನ ಪ್ರಮಾಣ ಬೇರೆ. ಗಾಳಿಯಲ್ಲಿ ಹೊಗೆ ಬೆರೆಯುವುದೂ ಹೀಗೆಯೇ. ಇದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ.

ಒಂದು, ಗಾಳಿಯ ವೇಗ. ವೇಗ ಇಮ್ಮಡಿಯಾದರೆ ಅಷ್ಟೇ ಹೊಗೆ ಇಮ್ಮಡಿ ಗಾಳಿಯಲ್ಲಿ ಬೆರೆತು ಅರ್ಧಕ್ಕೆ ತೆಳುವಾಗುತ್ತದೆ.

ಎರಡು, ಎತ್ತರ. ಹೊಗೆ ಬಿಸಿಯಾಗಿ, ರಭಸವಾಗಿ ನೇರ ಮೇಲಕ್ಕೆ ಹೊರಟರೆ ಚಿಮಣಿಯ ತುದಿಗಿಂತಲೂ ಮೇಲೇರಿ ಆಮೇಲೆ ಅಡ್ಡಕ್ಕೆ ಬಾಗುತ್ತದೆ. ಬಯಲು ಪ್ರದೇಶದ ಸರಳ ಲೆಕ್ಕದಲ್ಲಿ ಈ ಒಟ್ಟು ಎತ್ತರ ಎರಡು ಪಟ್ಟಾದರೆ ನೆಲಮಟ್ಟದಲ್ಲಿ ಸಿಗುವ ಅತಿ ಹೆಚ್ಚಿನ ಹೊಗೆ ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ತಗಡಿನ ಟೋಪಿ ಮಾಡುವ ಹಾನಿ ಇಲ್ಲಿದೆ. ಮೇಲೇರಬೇಕಾದ ಹೊಗೆಯನ್ನು ಅದು ತಲೆಗೆ ಹೊಡೆದು ಕೆಳಗೆ ತಳ್ಳುತ್ತದೆ. ಗಲ್ಲಿಯ ಕಡೆಗೆ ಬಾಗಿಸಿದ ಚಿಮಣಿಯದೂ ಇದೇ ಕಥೆ.

ಮೂರು, ಗಾಳಿಯ ಪದರಗಳ ಉಷ್ಣತೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

3. ಇಡ್ಲಿ ಪಾತ್ರೆಯ ಮುಚ್ಚಳ

ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಂಪಾಗುತ್ತದೆ, ಸರಾಸರಿ ಒಂದು ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ. ಬಿಸಿ ಹೊಗೆ ಹಗುರ, ಸುತ್ತಲಿನ ತಂಪು ಗಾಳಿ ಭಾರ. ಹಾಗಾಗಿ ಹೊಗೆ ಏರುತ್ತದೆ. ಚಳಿಗಾಲದ ತಿಳಿ ರಾತ್ರಿಗಳಲ್ಲಿ ಇದು ತಲೆಕೆಳಗಾಗುತ್ತದೆ. ನೆಲ ಬೇಗ ತಣಿದು, ನೆಲಕ್ಕೆ ತಾಗಿದ ಗಾಳಿ ತಂಪಾಗಿ, ಅದರ ಮೇಲಿನ ಪದರವೇ ಬಿಸಿಯಾಗಿ ಉಳಿಯುತ್ತದೆ. ಇದಕ್ಕೆ ತಾಪ ವಿಲೋಮ ಎನ್ನುತ್ತಾರೆ. ಏರಿದ ಹೊಗೆ ಆ ಪದರಕ್ಕೆ ತಾಗಿ ನಿಲ್ಲುತ್ತದೆ, ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಬಿಸಿಲು ಏರಿ ನೆಲ ಕಾದ ಮೇಲಷ್ಟೇ ಮುಚ್ಚಳ ತೆರೆಯುತ್ತದೆ.

ಈ ಮುಚ್ಚಳ ಏನು ಮಾಡಬಲ್ಲದು ಎಂಬುದಕ್ಕೆ ಲಂಡನ್ನಿನ ದೊಡ್ಡ ಉದಾಹರಣೆ ಇದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಆ ಊರಿನ ಮೇಲೆ ಗಾಳಿ ಅಲುಗದೆ ನಿಂತಿತು. ಮನೆಮನೆಯ ಕಲ್ಲಿದ್ದಲ ಒಲೆ ಮತ್ತು ಕಾರ್ಖಾನೆಗಳ ಹೊಗೆ ಮಂಜಿನಲ್ಲಿ ಸೇರಿ ಹಗಲೇ ಕತ್ತಲಾಯಿತು. ಆಗಿನ ಅಂದಾಜಿನಂತೆ ಸುಮಾರು 4000 ಜನ ಸತ್ತರು. ನಂತರದ ಅಧ್ಯಯನಗಳು 12,000ದವರೆಗೂ ಹೇಳಿದವು. ಆ ಒಲೆಗಳು ಒಂದೊಂದಾಗಿ ನೋಡಿದರೆ ನಮ್ಮ ಭಟ್ಟಿಗಿಂತ ಸಣ್ಣವೇ. ಅಲ್ಲಿಂದ ಪಾಠ ಕಲಿತು 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾನೂನು ತಂದಿತು.

ಈಗ ನಮ್ಮ ಊರುಗಳನ್ನು ನೋಡೋಣ. ಮುಂಬಯಿಗೆ ಸಮುದ್ರದ ಕೃಪೆ ಇದೆ. ಹಗಲು ಕಡಲಿನಿಂದ ಗಾಳಿ ಬರುತ್ತದೆ, ಮಳೆಗಾಲದಲ್ಲಿ ಮಳೆಯೇ ಗಾಳಿಯನ್ನು ತೊಳೆಯುತ್ತದೆ. ಚಳಿಗಾಲದಲ್ಲಿ ಮಾತ್ರ ಗಾಳಿ ಮೆತ್ತಗಾಗಿ ಹೊಗೆ ಉಳಿದುಬಿಡುತ್ತದೆ. ಚೆನ್ನೈಗೂ ಕಡಲ ಗಾಳಿಯ ಸಹಾಯ ಇದೆ. ಪುಣೆ, ಹೈದರಾಬಾದ್ ಒಳನಾಡಿನವು, ಅಲ್ಲಿಯ ಚಳಿಗಾಲದ ಮುಂಜಾನೆ ಮುಚ್ಚಳ ಸಾಮಾನ್ಯ. ದಿಲ್ಲಿಯ ಕಷ್ಟ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಚಳಿಯೂ ಹೆಚ್ಚು, ಕಡಲೂ ದೂರ.

ಒಂದು ಮಾತು ಗಮನಿಸಿ. ಈ ಮುಚ್ಚಳ ಬಿಗಿಯಾಗಿರುವುದು ಬೆಳಗಿನ ಜಾವದಲ್ಲಿ. ನಾವು ಟಿಫಿನ್‌ಗೆ ಒಲೆ ಹಚ್ಚುವುದೂ ಆಗಲೇ! ಮಧ್ಯಾಹ್ನ ಯಾರಿಗೂ ತಿಳಿಯದೆ ಹೋಗುವ ಅದೇ ಹೊಗೆ ಮುಂಜಾನೆ ಐದು ಗಂಟೆಗೆ ಮೇಲಿನವರ ಮಲಗುವ ಕೋಣೆಗೆ ನುಗ್ಗುತ್ತದೆ. ಆದ್ದರಿಂದ ಜನರೇಟರನ್ನು ಪರೀಕ್ಷೆಗಾಗಿ ಓಡಿಸುವುದಿದ್ದರೆ ಬಿಸಿಲು ಏರಿದ ಮೇಲೆ ಓಡಿಸಿರಿ.

4. ಕಟ್ಟಡದ ಹಿಂದಿನ ಸುಳಿ

ಊರಿನ ಹೊಳೆಯಲ್ಲಿ ಬಂಡೆಯ ಹಿಂದೆ ಎಲೆಯೊಂದು ಮುಂದೆ ಹೋಗದೆ ಅಲ್ಲೇ ಸುತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿ ಕಟ್ಟಡಕ್ಕೆ ಬಡಿದಾಗಲೂ ಹಿಂಬದಿಯಲ್ಲಿ ಇಂಥ ಸುಳಿ ಏಳುತ್ತದೆ. ನನ್ನ ಚಿಮಣಿ ಬಾಯಿ ತೆರೆದಿದ್ದು ಆ ಸುಳಿಯ ಒಳಗೆ. ಸಣ್ಣ ಮೋಟಾರಿದ್ದಾಗ ಹೊಗೆ ಮೂರನೇ ಮಾಳಿಗೆಯವರೆಗೆ ಸುತ್ತುತ್ತಿತ್ತು, ದೊಡ್ಡ ಮೋಟಾರು ಅದನ್ನು ನಾಲ್ಕನೆಯದಕ್ಕೂ ಮುಟ್ಟಿಸಿತು. ಸುಳಿಯಿಂದ ಹೊರಗೆ ಬರಬೇಕಾದರೆ ಚಿಮಣಿ ಟೆರೇಸಿಗಿಂತ ಮೇಲೆ, ಪಕ್ಕದ ನೀರಿನ ಟ್ಯಾಂಕು, ಲಿಫ್ಟ್ ಕೋಣೆಗಳ ಮರೆ ಬಿಟ್ಟು, ನೇರ ಆಕಾಶಕ್ಕೆ ಬಾಯಿ ತೆರೆಯಬೇಕು. ಮಳೆನೀರಿಗೆ ಟೋಪಿಯ ಬದಲು ತುದಿಯಲ್ಲಿ ಸ್ವಲ್ಪ ಅಗಲದ ಇನ್ನೊಂದು ಕೊಳವೆಯನ್ನು ಕೂಡಿಸಿ, ನೀರು ಬದಿಯಿಂದ ಇಳಿದುಹೋಗುವಂತೆ ಮಾಡಬಹುದು.

ಜನರೇಟರಿನ ಚಿಮಣಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವೇ ಇದೆ. ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದರೆ ಬರುವಷ್ಟು ಮೀಟರ್, ಕಟ್ಟಡದ ಎತ್ತರಕ್ಕಿಂತ ಮೇಲಿರಬೇಕು. 100 ಕೆವಿಎ ಆದರೆ ವರ್ಗಮೂಲ 10, ಅಂದರೆ ಕಟ್ಟಡಕ್ಕಿಂತ 2 ಮೀಟರ್ ಎತ್ತರ.

5. ಹತೋಟಿ: ಒಲೆಯಿಂದ ಆರಂಭಿಸಿ

ಹೊಗೆ ಒಲೆಯಿಂದ ದೂರ ಹೋದಷ್ಟೂ ಅದನ್ನು ಹಿಡಿಯುವ ಖರ್ಚು ಹೆಚ್ಚು. ಆದ್ದರಿಂದ ಕ್ರಮವಾಗಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು.

(ಅ) ಇಂಧನ ಮತ್ತು ಬರ್ನರ್: ಸೌದೆ, ಇದ್ದಲು ಬಿಟ್ಟು ಗ್ಯಾಸ್ ಅಥವಾ ವಿದ್ಯುತ್ತಿಗೆ ಬರುವುದು ಮೊದಲ ಹೆಜ್ಜೆ. ಬರ್ನರ್ ವಾರಕ್ಕೊಮ್ಮೆ ಬಿಚ್ಚಿ ತೊಳೆದು ನೀಲಿ ಜ್ವಾಲೆ ಬರುವಂತೆ ನೋಡಿಕೊಳ್ಳಬೇಕು.

(ಆ) ಹುಡ್: ಹುಡ್ ಒಲೆಗಿಂತ ಎಲ್ಲಾ ಬದಿಗೂ ಕನಿಷ್ಠ ಆರು ಇಂಚು ಹೊರಗೆ ಚಾಚಿರಲಿ. 8 ಅಡಿ ಉದ್ದ, 4 ಅಡಿ ಅಗಲದ ಹುಡ್ ಎಂದಿಟ್ಟುಕೊಳ್ಳಿ. ಅದರ ಬಾಯಿ 32 ಚದರಡಿ. ನಿಮಿಷಕ್ಕೆ 100 ಅಡಿ ವೇಗದಲ್ಲಿ ಗಾಳಿ ಎಳೆಯಬೇಕಾದರೆ ನಿಮಿಷಕ್ಕೆ 3200 ಘನ ಅಡಿ, ಅಂದರೆ 3200 ಸಿಎಫ್‌ಎಂ ಫ್ಯಾನ್ ಬೇಕು. ಡಕ್ಟ್‌ನಲ್ಲಿ ವೇಗ ನಿಮಿಷಕ್ಕೆ 1600 ಅಡಿ ಎಂದಾದರೆ ಡಕ್ಟ್ 2 ಚದರಡಿ, ಅಂದರೆ 18 ಇಂಚು, 16 ಇಂಚು. ಈ ಲೆಕ್ಕವನ್ನು ಕಾಂಟ್ರಾಕ್ಟರನ ಮುಂದೆ ಇಟ್ಟು ಮಾತಾಡಿದರೆ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಪ್ರಸಂಗ ಬಾರದು.

(ಇ) ಒಳಬರುವ ಗಾಳಿ: ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆ ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಹೊಗೆ ಹುಡ್ಡಿನ ಅಂಚಿನಿಂದ ಹೊರಚೆಲ್ಲುತ್ತದೆ, ಏಸಿ ಹಾಲ್‌ನ ತಂಪು ಗಾಳಿಯೂ ಕಿಚನ್ ಪಾಲಾಗುತ್ತದೆ. ನನ್ನ ಹೋಟೆಲಿನಲ್ಲಿ ಊದುಬತ್ತಿಯ ಹೊಗೆ ಬಾಗಿಲಲ್ಲಿ ರೊಯ್ಯನೆ ಒಳಕ್ಕೆ ಎಳೆಯಲ್ಪಟ್ಟರೂ ಕಾವಲಿಯ ಬಳಿ ಅಡ್ಡಾದಿಡ್ಡಿ ಅಲೆಯುತ್ತಿತ್ತು. ಫ್ಯಾನ್ ಹಾಲ್‌ನ ತಂಪನ್ನು ಎಳೆಯುತ್ತಿತ್ತು, ಹೊಗೆಯನ್ನು ಬಿಡುತ್ತಿತ್ತು. ಇನ್ನೊಂದು ಲೆಕ್ಕ: ಅದೇ ಫ್ಯಾನಿನ ವೇಗ ಶೇ. 20 ಏರಿಸಿದರೆ ಅದು ಎಳೆಯುವ ವಿದ್ಯುತ್ತು ಶೇ. 70ಕ್ಕೂ ಹೆಚ್ಚು ಏರುತ್ತದೆ. ನನ್ನ ಬಿಲ್ಲಿನ ರಹಸ್ಯ ಇದೇ.

(ಈ) ಫಿಲ್ಟರ್ ಮತ್ತು ಡಕ್ಟ್: ಹುಡ್ಡಿನ ಬ್ಯಾಫಲ್ ಫಿಲ್ಟರ್ ದೊಡ್ಡ ಎಣ್ಣೆ ಹನಿಗಳನ್ನು ಹಿಡಿಯುತ್ತದೆ. ಪ್ರತಿ ರಾತ್ರಿ ಬಿಸಿನೀರು, ಸಾಬೂನಿನಿಂದ ತೊಳೆಯಿರಿ. ಅಲ್ಯೂಮಿನಿಯಂ ಫಿಲ್ಟರ್‌ಗೆ ಕಾಸ್ಟಿಕ್ ಸೋಡಾ ತಾಗಿಸಬೇಡಿ, ಲೋಹವನ್ನೇ ತಿನ್ನುತ್ತದೆ. ಡಕ್ಟ್‌ನ ಒಳಗೆ ಜಿಡ್ಡು ಕಟ್ಟಿದರೆ ಕಾವಲಿಯಿಂದ ಹಾರಿದ ಒಂದು ಜ್ವಾಲೆ ಸಾಕು, ಬೆಂಕಿ ಟೆರೇಸಿನವರೆಗೆ ಓಡುತ್ತದೆ. ಮೂರು ತಿಂಗಳಿಗೊಮ್ಮೆ ಡಕ್ಟ್ ಶುಚಿಗೊಳಿಸಿ ರಸೀದಿ ಜೋಪಾನವಾಗಿಡಿ.

(ಉ) ಯಂತ್ರಗಳು: ಸೂಕ್ಷ್ಮ ಕಣಗಳಿಗೆ ಇಎಸ್‌ಪಿ ಯಂತ್ರ ಬೇಕು. ಅದು ಕಣಗಳಿಗೆ ವಿದ್ಯುತ್ತಿನ ಆವೇಶ ಕೊಟ್ಟು ತಟ್ಟೆಗಳಿಗೆ ಅಂಟಿಸುತ್ತದೆ. ತಟ್ಟೆ ತೊಳೆಯದಿದ್ದರೆ ಯಂತ್ರ ಇದ್ದೂ ಇಲ್ಲದಂತೆ. ವಾಸನೆಯನ್ನು ಇದು ತೆಗೆಯದು, ಅದಕ್ಕೆ ಮುಂದೆ ಕಾರ್ಬನ್ ಫಿಲ್ಟರ್ ಬೇಕು. ಮೊದಲು ಬ್ಯಾಫಲ್, ಆಮೇಲೆ ಇಎಸ್‌ಪಿ, ಕೊನೆಗೆ ಕಾರ್ಬನ್. ಕ್ರಮ ತಪ್ಪಿದರೆ ಕಾರ್ಬನ್ನಿಗೆ ಜಿಡ್ಡು ಹಿಡಿದು ಬೇಗನೆ ಹಾಳಾಗುತ್ತದೆ.

(ಊ) ಎತ್ತರ: ಇಷ್ಟಾದ ಮೇಲೆ ಉಳಿದ ಅಲ್ಪ ಹೊಗೆಯನ್ನು ಟೆರೇಸಿನ ಮೇಲೆ ಬಿಡಬೇಕು. ಚಿಮಣಿ ಕೊನೆಯ ಹೆಜ್ಜೆ. ನಾನು ಅದರಿಂದಲೇ ಆರಂಭಿಸಿದೆ, ಅದೂ ಅರ್ಧಕ್ಕೆ.

6. ಕಾನೂನು ಏನು ಹೇಳುತ್ತದೆ?

ವಾಯು ಮಾಲಿನ್ಯ ತಡೆಗೆ ನಮ್ಮ ದೇಶದಲ್ಲಿ 1981ರ ಕಾಯಿದೆ ಇದೆ. ಮುಂಬಯಿಯ ಕೆಟ್ಟ ಗಾಳಿಯ ವಿಷಯವನ್ನು 2023ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ ತಾನಾಗಿಯೇ ಕೈಗೆತ್ತಿಕೊಂಡಿತು. 2025ರ ಜನವರಿಯಲ್ಲಿ, ಸೌದೆ ಮತ್ತು ಕಲ್ಲಿದ್ದಲು ಬಳಸುವ ಬೇಕರಿ ಮುಂತಾದವು ಆರು ತಿಂಗಳಲ್ಲಿ ಗ್ಯಾಸ್ ಅಥವಾ ಇತರ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಅದರ ಬೆನ್ನಿಗೇ ಪಾಲಿಕೆ ತಂದೂರ್ ಇರುವ ಹೋಟೆಲುಗಳಿಗೂ ನೋಟಿಸು ಕೊಟ್ಟಿತು. ದಿಲ್ಲಿ ಪ್ರದೇಶದಲ್ಲಿ ಗಾಳಿ ಕೆಟ್ಟಂತೆ ಜಾರಿಗೆ ಬರುವ ಹಂತಹಂತದ ಕ್ರಮಗಳಿವೆ. ಅವುಗಳ ಮೊದಲ ಹಂತದಲ್ಲೇ ಹೋಟೆಲಿನ ತಂದೂರಿಗೆ ಕಲ್ಲಿದ್ದಲು, ಸೌದೆ ಬಳಸುವುದಕ್ಕೆ ತಡೆ ಇದೆ. ನೋಟಿಸು ಬಂದ ಮೇಲೆ ವಾರ್ಡ್ ಆಫೀಸಿಗೆ ಓಡುವುದಕ್ಕಿಂತ ಮೊದಲೇ ಬದಲಾಗುವುದು ಲಾಭ. ಅವಸರದಲ್ಲಿ ಮಾಡಿಸಿದ ಕೆಲಸಕ್ಕೆ ಯಾವಾಗಲೂ ದುಪ್ಪಟ್ಟು ಖರ್ಚು.

7. ಶಟರ್ ಎಳೆದ ಮೇಲೆ

ಕೊನೆಯದಾಗಿ, ಹೇಳಲು ನಾಚಿಕೆಯಾದರೂ ಹೇಳಲೇಬೇಕಾದ ಒಂದು ಮಾತು. ಆಗ ನನ್ನಲ್ಲಿ ಇದ್ದಲಿನ ತಂದೂರ್ ಇತ್ತು. ಒಂದು ಚಳಿಗಾಲದ ರಾತ್ರಿ ಇಬ್ಬರು ಹುಡುಗರು ಬೆಚ್ಚಗಿರುತ್ತದೆಂದು ಅದರ ಪಕ್ಕದಲ್ಲೇ ಮಲಗಿದರು. ಎಕ್ಸಾಸ್ಟ್ ನಿಲ್ಲಿಸಿತ್ತು, ಹಿಂಬದಿಯ ಶಟರ್ ಎಳೆದಿತ್ತು. ಬೆಳಗ್ಗೆ ಒಲೆ ಹಚ್ಚಲು ಬಂದ ಭಟ್ಟರು ಶಟರ್ ಎತ್ತಿದಾಗ ಒಬ್ಬ ವಾಂತಿ ಮಾಡಿಕೊಂಡು ಬಿದ್ದಿದ್ದ, ಇನ್ನೊಬ್ಬನಿಗೆ ಎಬ್ಬಿಸಿದರೂ ಪೂರ್ತಿ ಎಚ್ಚರವಿರಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಇಬ್ಬರನ್ನೂ ಉಳಿಸಿದರು. "ಅಣ್ಣಾ, ಇವತ್ತು ನಾನು ಅರ್ಧ ಗಂಟೆ ತಡ ಮಾಡಿದ್ದರೆ?" ಎಂದು ಭಟ್ಟರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆರಿದಂತೆ ಕಾಣುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ಹೋಗಿ ಕೂರುತ್ತದೆ. ಮಲಗಿದವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಕಿಚನ್‌ನಲ್ಲಿ ಅಥವಾ ಅದರ ಮೇಲಿನ ಮಾಳಿಗೆಯಲ್ಲಿ ಯಾರನ್ನೂ ಮಲಗಿಸಬೇಡಿ. ಇನ್ನೂ ಇದ್ದಲು ಬಳಸುವವರು ರಾತ್ರಿ ಕೆಂಡ ತೆಗೆದು, ಹೊರಗೆ ನೀರು ಹಾಕಿ ಪೂರ್ತಿ ಆರಿಸಿ, ಆಮೇಲೆ ಅರ್ಧ ಗಂಟೆಯಾದರೂ ಎಕ್ಸಾಸ್ಟ್ ಓಡಿಸಿ. ಕರೆಂಟ್ ಉಳಿಸುವ ಜಾಗ ಅದಲ್ಲ.

ಊರಿನಿಂದ ನಮ್ಮನ್ನು ನಂಬಿ ಬಂದ ಮಕ್ಕಳು ಅವರು. ನಾವೂ ಒಂದು ಕಾಲಕ್ಕೆ ಹಾಗೆಯೇ ಬಂದು, ಹೋಟೆಲಿನ ಬೆಂಚಿನ ಮೇಲೆ ಮಲಗಿ ಮೇಲೆ ಬಂದವರು. ಮಹಡಿಯ ಮೇಲಿನವರು ನಮ್ಮ ನೆರೆಯವರು, ನಮ್ಮ ಗ್ರಾಹಕರೂ ಹೌದು. ಹೊಗೆ ಮೊದಲು ಮುಟ್ಟುವುದು ಈ ಇಬ್ಬರನ್ನೇ. ನಾಳೆ ಬೆಳಗ್ಗೆ ಒಂದು ಊದುಬತ್ತಿ ಹಚ್ಚಿ ಕಾವಲಿಯ ಅಂಚಿನಲ್ಲಿ ಹಿಡಿದು ನೋಡಿ. ಆಮೇಲೆ ಟೆರೇಸಿಗೆ ಹೋಗಿ ನಿಮ್ಮ ಚಿಮಣಿಯ ತುದಿ ಎಲ್ಲಿದೆ ಎಂದು ಕಣ್ಣಾರೆ ಕಂಡು ಬನ್ನಿ. ಖರ್ಚಾಗುವುದು ಒಂದು ಊದುಬತ್ತಿ ಮಾತ್ರ.